ವಾರಕ್ಕೆ ಎರಡು ಗಂಟೆ: ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಾರಾಂತ್ಯದ ತರಗತಿ ನಡೆಸುವ ಬಗೆ

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲನೆಯದು, 2025ರಲ್ಲಿ ದಕ್ಷಿಣ ಕನ್ನಡ. ಆದರೆ ಐದನೇ ತರಗತಿಯಲ್ಲಿ ಕುಳಿತು ಎರಡನೇ ತರಗತಿಯ ಪಾಠ ಓದಲು ತಡವರಿಸುವ ಮಕ್ಕಳು ನಮ್ಮ ಕರಾವಳಿಯ ಶಾಲೆಗಳಲ್ಲಿಯೂ ಇದ್ದಾರೆ. ಹತ್ತನೇ ತರಗತಿಯ ಹೊಸ್ತಿಲಲ್ಲಿ ಎಲ್ಲರೂ ಅವರ ಹಿಂದೆ ಬೀಳುತ್ತಾರೆ. ಮೂರನೇ ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ವಾರಾಂತ್ಯದಲ್ಲಿ ಸ್ವಯಂಸೇವಕರಾಗಿ ಕಲಿಸಲು ಹೊರಟವರು ಕೈ ಹಾಕಬೇಕಾದದ್ದು ಆ ಮೂರನೇ ತರಗತಿಗೆ.

ಒಂದು ಮಾತನ್ನು ಆರಂಭದಲ್ಲಿಯೇ ಖಚಿತಪಡಿಸಿಕೊಳ್ಳಿ. ಇದು ಟ್ಯೂಷನ್ ಅಲ್ಲ. ಶಾಲೆಯ ಮನೆಗೆಲಸ ಮುಗಿಸಿಕೊಡುವುದು, ಪರೀಕ್ಷೆಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದು ನಿಮ್ಮ ಕೆಲಸವಲ್ಲ. ವಾರಕ್ಕೆ ಎರಡು ಗಂಟೆಯಲ್ಲಿ ಪಠ್ಯಪುಸ್ತಕದ ಹಿಂದೆ ಓಡಿದರೆ ಪಠ್ಯವೂ ಮುಗಿಯುವುದಿಲ್ಲ, ಮಗುವಿಗೆ ಓದಲೂ ಬರುವುದಿಲ್ಲ. ಮಗು ಯಾವ ಮೆಟ್ಟಿಲಲ್ಲಿ ನಿಂತಿದೆಯೋ ಅಲ್ಲಿಂದ ಮುಂದಿನ ಮೆಟ್ಟಿಲಿಗೆ ಹತ್ತಿಸುವುದು, ಪ್ರತಿ ವಾರ ತಪ್ಪದೆ ಅದನ್ನೇ ಮಾಡುವುದು, ಇಷ್ಟೇ ಕೆಲಸ. ಕೆಳಗಿನ ಎಲ್ಲ ಸಲಹೆಗಳೂ ಇದರಿಂದಲೇ ಹುಟ್ಟಿದವು.

ಹೆಜ್ಜೆ 1: ಜಾಗ ಮತ್ತು ಒಪ್ಪಿಗೆ

ನಮ್ಮೂರುಗಳಲ್ಲಿ ಜಾಗಕ್ಕೆ ಬರವಿಲ್ಲ. ಯುವಕ ಮಂಡಲದ ಕಟ್ಟಡ, ಮಹಿಳಾ ಮಂಡಲ, ಭಜನಾ ಮಂದಿರ, ಇಗರ್ಜಿಯ ಸಭಾಂಗಣ, ಮದರಸ, ಪಂಚಾಯತ್ ಗ್ರಂಥಾಲಯ, ಎಲ್ಲವೂ ಇವೆ, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಆದರೂ ನನ್ನ ಆಯ್ಕೆ ಸರಕಾರಿ ಶಾಲೆಯ ಕೊಠಡಿಯೇ. ಧಾರ್ಮಿಕ ಸ್ಥಳ ಯಾವುದೇ ಇರಲಿ, ಊರಿನ ಮಕ್ಕಳಲ್ಲಿ ಒಂದಷ್ಟು ಮಂದಿ ಬರುವುದಿಲ್ಲ, ಬಂದರೂ ಮನೆಯವರು ಎರಡನೇ ವಾರ ತಡೆಯುತ್ತಾರೆ. ಈ ಕಾಲದಲ್ಲಿ, ಈ ಜಿಲ್ಲೆಗಳಲ್ಲಿ, ಅದಕ್ಕೆ ವಿವರಣೆ ಬೇಕಾಗಿಲ್ಲ. ಶಾಲೆ ಎಲ್ಲರದು. ಅದು ಸಿಗದಿದ್ದರೆ ಎರಡನೆಯ ಆಯ್ಕೆ ಗ್ರಾಮ ಪಂಚಾಯತ್ ಗ್ರಂಥಾಲಯ. ಪುಸ್ತಕಗಳು ಅಲ್ಲಿಯೇ ಇರುತ್ತವೆ.

ಮೊದಲು ಮುಖ್ಯೋಪಾಧ್ಯಾಯರನ್ನು ಕಾಣಿ, ಆಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರನ್ನು. ಎಸ್‌ಡಿಎಂಸಿ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಸಮಿತಿಯಲ್ಲಿ ಪೋಷಕರೇ ಇರುವುದರಿಂದ ಅಲ್ಲಿ ಒಪ್ಪಿಗೆ ಸಿಕ್ಕರೆ ಅರ್ಧ ಊರಿನ ಒಪ್ಪಿಗೆ ಸಿಕ್ಕಂತೆ. ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಪುಟದ ಪತ್ರ ಕೊಡಿ: ಯಾವ ಶಾಲೆ, ಯಾವ ವಾರ, ಎಷ್ಟು ಹೊತ್ತು, ಯಾರು ಕಲಿಸುವವರು, ಶುಲ್ಕವಿಲ್ಲ. ಪತ್ರದ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಕಡತದಲ್ಲಿಡಿ. ಬೀಗದ ಕೈ ಯಾರ ಬಳಿ, ಶೌಚಾಲಯಕ್ಕೆ ನೀರು ಬಿಡುವವರು ಯಾರು, ಕೊಠಡಿ ಗುಡಿಸುವವರು ಯಾರು, ಇವುಗಳನ್ನು ಆ ದಿನವೇ ಮಾತನಾಡಿ ಮುಗಿಸಿ. ಒಳ್ಳೆಯ ಉದ್ದೇಶದ ಎಷ್ಟೋ ಕೆಲಸಗಳು ಬೀಗದ ಕೈಯಲ್ಲಿಯೇ ನಿಂತುಹೋಗುತ್ತವೆ.

ಶಾಲೆಯ ಶಿಕ್ಷಕರು ನಿಮ್ಮನ್ನು ಅನುಮಾನದಿಂದ ನೋಡಿದರೆ ಬೇಸರಪಡಬೇಡಿ. ‘ನಾವು ಕಲಿಸಲಿಲ್ಲವೆಂದು ಇವರು ಬಂದಿದ್ದಾರೆ’ ಎಂಬ ಭಾವನೆ ಸಹಜ. ಯಾವ ಮಕ್ಕಳಿಗೆ ಹೆಚ್ಚು ಸಹಾಯ ಬೇಕೆಂದು ಅವರನ್ನೇ ಕೇಳಿ. ಬಹುತೇಕ ಶಿಕ್ಷಕರಿಗೆ ಹೆಸರುಗಳು ನಾಲಿಗೆಯ ತುದಿಯಲ್ಲಿರುತ್ತವೆ, ಬಿಡುವು ಮಾತ್ರ ಇರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ. ಆದುದರಿಂದ ಅವರು ಬಂದು ಕೈ ಜೋಡಿಸಿದರೂ ಹಣದ ಮಾತು ಎಲ್ಲಿಯೂ ಬರಬಾರದು.

ಉದ್ಘಾಟನಾ ಸಮಾರಂಭ ಬೇಡ. ವೇದಿಕೆ, ಶಾಲು, ಫಲತಾಂಬೂಲ, ಅಧ್ಯಕ್ಷೀಯ ಭಾಷಣ ಎಲ್ಲ ಮುಗಿಯುವಷ್ಟರಲ್ಲಿ ಮೊದಲ ತರಗತಿಯ ಎರಡು ಗಂಟೆ ಕಳೆದಿರುತ್ತದೆ.

ಹೆಜ್ಜೆ 2: ಹೊತ್ತು ಗೊತ್ತುಮಾಡುವುದು

ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ, ಹಾಗಾಗಿ ಮಧ್ಯಾಹ್ನ ಖಾಲಿ ಎಂದು ತೋರುತ್ತದೆ. ಆದರೆ ನಮ್ಮಲ್ಲಿ ಜೂನ್, ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆಗಳನ್ನು ಸರಿದೂಗಿಸಲು ಮುಂದೆ ಶನಿವಾರ ಪೂರ್ಣ ದಿನ ಶಾಲೆ ನಡೆಸುವುದುಂಟು. ಸೆಪ್ಟೆಂಬರಿನಲ್ಲಿ ನಿಮ್ಮ ಶನಿವಾರಗಳು ಒಂದೊಂದಾಗಿ ಮಾಯವಾಗುತ್ತವೆ. ಭಾನುವಾರಕ್ಕೆ ಅದರದೇ ಲೆಕ್ಕವಿದೆ: ಬೆಳಗ್ಗೆ ಕೆಲವರಿಗೆ ಮದರಸ, ಕೆಲವರಿಗೆ ಪೂಜೆ ಮತ್ತು ಕ್ರೈಸ್ತ ಶಿಕ್ಷಣದ ತರಗತಿ. ದೀಪಾವಳಿ ಕಳೆದ ಮೇಲೆ ಕೋಲ, ನೇಮ, ಕಂಬಳ, ಬಯಲಾಟಗಳ ಕಾಲ. ರಾತ್ರಿಯಿಡೀ ಯಕ್ಷಗಾನ ನೋಡಿದ ಮಗು ಬೆಳಗ್ಗೆ ಹತ್ತಕ್ಕೆ ಕಣ್ಣುಜ್ಜಿಕೊಂಡು ಬಂದರೆ ಅದನ್ನು ಗದರಿಸುವ ಬದಲು ನಿನ್ನೆಯ ಪ್ರಸಂಗದ ಕತೆ ಹೇಳಿಸಿ.

ಪೋಷಕರ ಸಭೆ ಕರೆದು ಕೇಳಿಯೇ ಸಮಯ ನಿಗದಿಮಾಡಿ. ಹೆಚ್ಚಿನ ಕಡೆ ಭಾನುವಾರ ಹತ್ತರಿಂದ ಹನ್ನೆರಡು ಹೊಂದುತ್ತದೆ. ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ. ಎರಡು ಗಂಟೆಗಿಂತ ಹೆಚ್ಚು ಬೇಡ. ರಜಾದಿನದಲ್ಲಿ ಎಂಟು ವರ್ಷದ ಮಗುವನ್ನು ಅದಕ್ಕಿಂತ ಹೆಚ್ಚು ಹೊತ್ತು ಕೂರಿಸುವುದು ಅನ್ಯಾಯ.

ಮಳೆಗಾಲದ ನಿಯಮ ಕಟ್ಟುನಿಟ್ಟಾಗಿರಲಿ. ಹವಾಮಾನ ಇಲಾಖೆ ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟಿದ್ದರೆ ತರಗತಿ ಇಲ್ಲ, ಚರ್ಚೆಯೂ ಇಲ್ಲ. ಬರುವ ದಾರಿಯಲ್ಲಿ ತೋಡು, ಕಾಲುಸಂಕ ದಾಟುವ ಮಕ್ಕಳು ಯಾರೆಂದು ಮೊದಲೇ ಪಟ್ಟಿ ಮಾಡಿ. ಬೇರೆ ದಾರಿ ಇಲ್ಲದಿದ್ದರೆ ಅವರ ಮನೆಯ ಪಕ್ಕದಲ್ಲಿಯೇ ಮಳೆಗಾಲಕ್ಕೆ ಒಂದು ಸಣ್ಣ ಗುಂಪು ಮಾಡುವುದು ಒಳ್ಳೆಯದು.

ಹೆಜ್ಜೆ 3: ಜನ

ಇಪ್ಪತ್ತರಿಂದ ಇಪ್ಪತ್ತೈದು ಮಕ್ಕಳಿಗೆ ಐದು ಮಂದಿ ಕಲಿಸುವವರು, ಮೇಲೆ ಇಬ್ಬರು ಹೆಚ್ಚುವರಿ. ಒಬ್ಬರಿಗೆ ಐದಾರು ಮಕ್ಕಳಿಗಿಂತ ಹೆಚ್ಚಾದರೆ ಅದು ಮತ್ತೊಂದು ಶಾಲೆಯಾಗುತ್ತದೆ. ಮಕ್ಕಳು ಐವತ್ತು ಮಂದಿ ಬಂದರೆ ಸಂತೋಷ, ಆದರೆ ಇಪ್ಪತ್ತೈದರಲ್ಲಿಯೇ ನಿಲ್ಲಿಸಿ, ಉಳಿದವರ ಹೆಸರು ಬರೆದಿಟ್ಟುಕೊಳ್ಳಿ.

ಮಣಿಪಾಲ, ಸುರತ್ಕಲ್, ಕೊಣಾಜೆ, ದೇರಳಕಟ್ಟೆ ಕಡೆಯ ಕಾಲೇಜು ಹುಡುಗ ಹುಡುಗಿಯರಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಘಟಕವನ್ನು ಕೇಳಿದರೆ ಒಂದೇ ದಿನ ಹದಿನೈದು ಹೆಸರು ಬರುತ್ತದೆ. ಪರೀಕ್ಷೆ ಬಂದಾಗ ಹದಿನೈದೂ ಹೋಗುತ್ತದೆ. ನಿಲ್ಲುವವರು ಬೇರೆ: ನಿವೃತ್ತ ಶಿಕ್ಷಕಿಯರು, ಬಿ.ಎಡ್. ಮುಗಿಸಿ ಮನೆಯಲ್ಲಿರುವ ತಾಯಂದಿರು, ನಿವೃತ್ತ ಬ್ಯಾಂಕಿನವರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ ಬ್ಯಾಂಕುಗಳು ಹುಟ್ಟಿದ ನೆಲವಿದು. ಪ್ರತಿ ಬೀದಿಯಲ್ಲಿಯೂ ಒಬ್ಬ ನಿವೃತ್ತ ಮ್ಯಾನೇಜರ್ ಸಿಗುತ್ತಾರೆ, ಹಾಜರಿ ಪುಸ್ತಕ ಮತ್ತು ಲೆಕ್ಕಪತ್ರವನ್ನು ಅವರಿಗಿಂತ ಚೊಕ್ಕಟವಾಗಿ ಇಡುವವರಿಲ್ಲ. ಒಬ್ಬ ಹಿರಿಯರು, ಒಬ್ಬ ವಿದ್ಯಾರ್ಥಿ ಎಂದು ಜೋಡಿ ಮಾಡಿ. ವಿದ್ಯಾರ್ಥಿ ಆಟಕ್ಕೆ, ಹಿರಿಯರು ನಿರಂತರತೆಗೆ.

‘ಬಿಡುವಾದಾಗ ಬರುತ್ತೇನೆ’ ಎನ್ನುವವರಿಗೆ ಧನ್ಯವಾದ ಹೇಳಿ ಕಳುಹಿಸಿಕೊಡಿ. ಇದು ಕಠೋರವೆನಿಸಬಹುದು. ಆದರೆ ತನಗೆ ಕಲಿಸುವ ಅಕ್ಕ ಈ ವಾರವೂ ಬರಲಿಲ್ಲವೆಂದು ಬಾಗಿಲ ಕಡೆ ನೋಡುತ್ತ ಕೂರುವ ಮಗುವಿನ ದೃಷ್ಟಿಯಿಂದ ಯೋಚಿಸಿ. ಕನಿಷ್ಠ ಎಂಟು ವಾರ ಸತತವಾಗಿ ಬರಲು ಒಪ್ಪಿದವರನ್ನು ಮಾತ್ರ ಸೇರಿಸಿಕೊಳ್ಳಿ. ಬರಲಾಗದಿದ್ದರೆ ಗುರುವಾರ ರಾತ್ರಿಯೊಳಗೆ ತಿಳಿಸಬೇಕು, ಹೆಚ್ಚುವರಿ ಇಬ್ಬರು ಇರುವುದು ಅದಕ್ಕೇ. ಮಕ್ಕಳು ಅವರನ್ನು ಅಕ್ಕ, ಅಣ್ಣ ಎಂದು ಕರೆಯಲಿ. ಹಿರಿಯರನ್ನು ಹೇಗೂ ಟೀಚರ್ ಎಂದೇ ಕರೆಯುತ್ತಾರೆ, ತಡೆಯಲಾಗುವುದಿಲ್ಲ.

ಹೆಜ್ಜೆ 4: ಮಕ್ಕಳ ಸುರಕ್ಷತೆ

ಇದನ್ನು ಬರೆದು, ಪ್ರತಿ ಸ್ವಯಂಸೇವಕರ ಸಹಿ ಪಡೆದು ಇಡಿ. ಪರಿಚಿತರು, ನೆಂಟರು ಎಂಬ ವಿನಾಯಿತಿ ಬೇಡ.

- ಯಾವ ಹೊತ್ತಿನಲ್ಲಿಯೂ ಕೊಠಡಿಯಲ್ಲಿ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು.
- ಒಂದೇ ಮಗುವನ್ನು ಬೈಕಿನಲ್ಲಿ, ಕಾರಿನಲ್ಲಿ ಮನೆಗೆ ಬಿಡುವುದು ಬೇಡ.
- ಮಕ್ಕಳ ಜತೆ ಖಾಸಗಿ ಮೊಬೈಲ್ ಸಂದೇಶ ಬೇಡ, ಏನಿದ್ದರೂ ಪೋಷಕರ ಮೂಲಕ.
- ಹೊಡೆಯುವುದು, ಬಸ್ಕಿ ಹೊಡೆಸುವುದು, ‘ದಡ್ಡ’ ಎನ್ನುವುದು ಇಲ್ಲ. ದೈಹಿಕ ಶಿಕ್ಷೆ ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.
- ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಫೋಟೊ ಇಲ್ಲ.

ಮಗು ತನಗಾದ ತೊಂದರೆಯೊಂದನ್ನು ಹೇಳಿಕೊಂಡರೆ ಗಾಬರಿಯಾಗದೆ ಕೇಳಿಸಿಕೊಳ್ಳಿ, ವಿಚಾರಣೆ ಮಾಡಲು ಹೋಗಬೇಡಿ, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು 2012ರ ಪೊಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ, ಊರಿನ ಹಿರಿಯರ ರಾಜಿ ಪಂಚಾಯಿತಿಗೆ ಅಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098ನ್ನು ಕೊಠಡಿಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ದೊಡ್ಡದಾಗಿ ಬರೆದು ಅಂಟಿಸಿ.

ಹೆಜ್ಜೆ 5: ಮಗು ಯಾವ ಮೆಟ್ಟಿಲಲ್ಲಿದೆ

ಮೊದಲ ಎರಡು ವಾರ ಪಾಠವೇ ಬೇಡ. ಆಟ ಆಡಿಸುತ್ತ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಹತ್ತು ನಿಮಿಷ ಮಾತನಾಡಿ, ಓದಿಸಿ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯಲು ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತ ಬಂದಿರುವ ಅಸರ್ ಸಮೀಕ್ಷೆಯ ಕ್ರಮ ಇದಕ್ಕೆ ಸಾಕು. ಓದಿನಲ್ಲಿ ನಾಲ್ಕು ಮೆಟ್ಟಿಲು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸರಳ ವಾಕ್ಯಗಳು, ಎರಡನೇ ತರಗತಿ ಮಟ್ಟದ ಪುಟ್ಟ ಕತೆ. ಲೆಕ್ಕದಲ್ಲಿಯೂ ನಾಲ್ಕು: ಒಂದಂಕಿ ಗುರುತಿಸುವುದು, ಎರಡಂಕಿ ಗುರುತಿಸುವುದು, ದಶಕ ತೆಗೆದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಮಗು ಸರಾಗವಾಗಿ ಮಾಡಬಲ್ಲ ಕೊನೆಯ ಮೆಟ್ಟಿಲನ್ನು ಗುರುತುಮಾಡಿ. ‘ಪರೀಕ್ಷೆ’ ಎಂಬ ಪದವನ್ನು ಬಾಯಿಗೆ ತರಬೇಡಿ.

ಒಂದು ಮೋಸ ಇಲ್ಲಿದೆ. ‘ಕ ಕಾ ಕಿ ಕೀ’ ಎಂದು ರಾಗವಾಗಿ ಕಾಗುಣಿತ ಒಪ್ಪಿಸುವ ಮಗುವಿಗೆ ‘ಕೊ’ ಒಂದನ್ನೇ ಚೀಟಿಯಲ್ಲಿ ಬರೆದು ತೋರಿಸಿದರೆ ತಿಳಿಯದೆ ಇರಬಹುದು. ಪಠ್ಯಪುಸ್ತಕದ ಪದ್ಯವನ್ನು ಪುಟ ನೋಡದೆಯೇ ‘ಓದುವ’ ಮಕ್ಕಳೂ ಇದ್ದಾರೆ. ಆದುದರಿಂದ ಓದಿಸುವ ವಾಕ್ಯ ಹೊಸದಾಗಿರಲಿ, ಅಕ್ಷರಗಳು ಕ್ರಮ ತಪ್ಪಿರಲಿ.

ಗುಂಪು ಮಾಡುವಾಗ ತರಗತಿಯನ್ನು ಮರೆತು ಮೆಟ್ಟಿಲನ್ನಷ್ಟೇ ನೋಡಿ. ಐದನೇ ತರಗತಿಯ ಹುಡುಗ ಮೂರನೇ ತರಗತಿಯವರ ಜತೆ ಕೂರಲು ನಾಚಿದರೆ ಅವನ ಕೈಗೆ ಚೀಟಿ ಹಂಚುವ, ಅಂಕ ಬರೆಯುವ ಯಜಮಾನಿಕೆ ಕೊಡಿ. ಗುಂಪುಗಳಿಗೆ ಜಾಣರು, ಹಿಂದುಳಿದವರು ಎಂಬ ಧ್ವನಿಯ ಹೆಸರು ಬೇಡ. ಬಂಗುಡೆ, ಬೂತಾಯಿ, ಅಂಜಲ್ ಎಂದು ಇಟ್ಟರೆ ನಗುತ್ತಲೇ ಸೇರುತ್ತಾರೆ. ಮೀನು ಬೇಡವೆನ್ನುವ ಊರಲ್ಲಿ ಹಲಸು, ಪುನರ್ಪುಳಿ, ನೇರಳೆ.

ಹೆಜ್ಜೆ 6: ಓದು

ಎರಡು ಗಂಟೆಯಲ್ಲಿ ಹದಿನೈದು ನಿಮಿಷ ಆಟ, ನಲವತ್ತು ನಿಮಿಷ ಓದು, ಹತ್ತು ನಿಮಿಷ ತಿಂಡಿ, ಮೂವತ್ತು ನಿಮಿಷ ಲೆಕ್ಕ, ಉಳಿದದ್ದು ಕತೆ, ಚಿತ್ರ, ಹಾಡು. ಗಡಿಯಾರ ಹಿಡಿದು ಅಳೆಯಬೇಕಾಗಿಲ್ಲ, ಆದರೆ ಓದಿನ ನಲವತ್ತು ನಿಮಿಷವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಕನ್ನಡ ಓದಿನಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಒತ್ತಕ್ಷರದಲ್ಲಿ. ಅದಕ್ಕೊಂದು ಕ್ರಮವಿದೆ. ಅಕ್ಕ, ಅಪ್ಪ, ಅಜ್ಜಿ, ಅಣ್ಣ ಎನ್ನುವಲ್ಲಿ ಒತ್ತು ತನ್ನ ಮೂಲ ಅಕ್ಷರದ ರೂಪವನ್ನೇ ಹೋಲುತ್ತದೆ, ಅಲ್ಲಿಂದ ಆರಂಭಿಸಿ. ಅಮ್ಮ, ಅತ್ತೆ, ಅನ್ನ, ಹಲ್ಲಿ ಎನ್ನುವಲ್ಲಿ ಒತ್ತಿನ ಆಕಾರವೇ ಬೇರೆ, ಅದು ಎರಡನೆಯದು. ಆಮೇಲೆ ಪುಸ್ತಕ, ಚಕ್ರದಂಥ ಬೇರೆ ಬೇರೆ ವ್ಯಂಜನಗಳ ಒತ್ತು. ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು: ಉಚ್ಚಾರದಲ್ಲಿ ಮೊದಲು ಬರುವ ರಕಾರ ಬರವಣಿಗೆಯಲ್ಲಿ ಹಿಂದೆ ಹೋಗಿ ಕೂರುವುದು ಮಗುವಿಗೆ ನಿಜಕ್ಕೂ ವಿಚಿತ್ರವೆನಿಸುತ್ತದೆ.

ಈ ಮೆಟ್ಟಿಲುಗಳಿಗೆ ಬೇಕಾದ ಪದಗಳೆಲ್ಲ ನಮ್ಮ ಬಸ್ಸುಗಳ ಹಣೆಯ ಮೇಲಿವೆ. ಕಾಪು, ಕೋಟ, ಉಡುಪಿ, ಮಣಿಪಾಲ: ಒತ್ತಿಲ್ಲ. ಮಂಗಳೂರು, ಕುಂದಾಪುರ: ಸೊನ್ನೆ ಬಂತು. ಹಂಪನಕಟ್ಟೆ: ಸಜಾತೀಯ ಒತ್ತು. ಮಲ್ಪೆ, ಮೂಲ್ಕಿ, ಪಡುಬಿದ್ರಿ: ವಿಜಾತೀಯ ಒತ್ತು. ಕಾರ್ಕಳ: ಅರ್ಕಾವತ್ತು. ಬ್ರಹ್ಮಾವರ ಓದಿದ ಮಗುವಿಗೆ ಚಪ್ಪಾಳೆ. ರಟ್ಟಿನ ಮೇಲೆ ಬಸ್ಸಿನ ಬೋರ್ಡು ಬರೆದು, ಒಬ್ಬ ಚಾಲಕ, ಒಬ್ಬ ನಿರ್ವಾಹಕ ಆಗಿ, ಉಳಿದವರು ತಮ್ಮ ಬೋರ್ಡು ಓದಿ ಹತ್ತುವ ಆಟ ಆಡಿಸಿ. ನಗರದ ಬಸ್ ನಿಲ್ದಾಣದ ಹೆಸರನ್ನು ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುವ ನಿರ್ವಾಹಕನ ಪಾತ್ರಕ್ಕೆ ಮಂಗಳೂರಿನ ಮಕ್ಕಳಲ್ಲಿ ಜಗಳವೇ ನಡೆಯುತ್ತದೆ.

ಕತೆ ಪುಸ್ತಕಗಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ನೋಡಿ. ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕತೆಗಳು ಉಚಿತವಾಗಿವೆ, ಮುದ್ರಿಸಿಕೊಳ್ಳಲು ಅನುಮತಿಯೂ ಇದೆ. ಪುಸ್ತಕವನ್ನು ಮಕ್ಕಳು ಮನೆಗೆ ಒಯ್ಯಲಿ. ಹರಿದು ಬಂದರೆ ಅಂಟಿಸಿ ಮತ್ತೆ ಕೊಡಿ. ಗಾಜಿನ ಕಪಾಟಿನಲ್ಲಿ ಬೀಗ ಹಾಕಿದ ಗ್ರಂಥಾಲಯ ನಮ್ಮ ಶಾಲೆಗಳಲ್ಲಿ ಬೇಕಾದಷ್ಟಿದೆ.

ಇನ್ನು ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಗುವಿಗೆ ಪುಸ್ತಕದ ಕನ್ನಡ ಎರಡನೆಯ ಭಾಷೆ. ಮಲ್ಪೆ ಬಂದರು, ಬೈಕಂಪಾಡಿ ಕೈಗಾರಿಕಾ ಪ್ರದೇಶದ ಸುತ್ತ ಬಾಗಲಕೋಟೆ, ಕೊಪ್ಪಳ ಕಡೆಯಿಂದಲೂ ಒಡಿಶಾ, ಬಿಹಾರದಿಂದಲೂ ಬಂದ ಕುಟುಂಬಗಳ ಮಕ್ಕಳಿದ್ದಾರೆ. ಕತೆಯನ್ನು ಮೊದಲು ಮಗುವಿನ ಭಾಷೆಯಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಓದಿ. ‘ಇಲ್ಲಿ ತುಳು ಮಾತನಾಡಬಾರದು’ ಎಂಬ ನಿಯಮ ಮಾಡುವವರನ್ನು ನಾನು ತರಗತಿಯ ಹೊರಗೆ ಚಹಾ ಕಾಯಿಸಲು ಕೂರಿಸುತ್ತೇನೆ. ಅರ್ಥವಾದ ಮೇಲೆಯೇ ಓದು ಬರುವುದು.

ಹೆಜ್ಜೆ 7: ಲೆಕ್ಕ

ಕೊಂಡು ತರುವ ಸಾಮಗ್ರಿ ಏನೂ ಬೇಡ. ಹಿಡಿಸೂಡಿಯ ಕಡ್ಡಿಗಳನ್ನು ಬೆರಳುದ್ದ ಮುರಿದು, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿ. 52ರಿಂದ 27 ಕಳೆಯಬೇಕು: ಐದು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡಲು ಎರಡು ಸಾಲದು, ಒಂದು ಕಟ್ಟು ಬಿಚ್ಚಲೇಬೇಕು. ಆ ಬಿಚ್ಚುವಿಕೆಯನ್ನು ಕೈಯಾರೆ ಮಾಡಿದ ಮಗುವಿಗೆ ‘ದಶಕ ತೆಗೆಯುವುದು’ ಎಂದರೆ ಏನೆಂದು ಮತ್ತೆ ಹೇಳಬೇಕಾಗುವುದಿಲ್ಲ. ಕಡ್ಡಿಯಲ್ಲಿ ಸರಾಗವಾಗುವವರೆಗೆ ಹಲಗೆ, ಬಳಪ ಮುಟ್ಟಬೇಡಿ.

ಚೆನ್ನೆಮಣೆ ಸಿಕ್ಕರೆ ಬಿಡಬೇಡಿ. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸುಣ್ಣದಲ್ಲಿ ಗುಂಡಿ ಬರೆದು ಹುಣಸೆ ಬೀಜ ಇಡಿ. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಮನಸ್ಸಿನಲ್ಲಿಯೇ ಎಣಿಸುವ ಮಗು, ತನಗೆ ಗೊತ್ತಿಲ್ಲದೆಯೇ ಕೂಡುತ್ತಿರುತ್ತದೆ, ಭಾಗಿಸುತ್ತಿರುತ್ತದೆ. ಆಟದ ನಿಯಮ ಮನೆಯಿಂದ ಮನೆಗೆ ಬೇರೆ, ಯಾರ ಅಜ್ಜಿಯ ನಿಯಮ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆ ತುಳುನಾಡಿನಲ್ಲಿದೆ. ಮನೆಯವರು ಬೇಡವೆಂದರೆ ವಾದಿಸದೆ ಜೋಡಿ ಬದಲಿಸಿ.

ಗುಣಾಕಾರಕ್ಕೆ ಶಂಕರಪುರದ ಮಲ್ಲಿಗೆಗಿಂತ ಒಳ್ಳೆಯ ಲೆಕ್ಕವಿಲ್ಲ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹಾಗಾದರೆ ಅಟ್ಟೆಯಲ್ಲಿ ಎಷ್ಟು ಹೂ? ಇವತ್ತಿನ ಅಟ್ಟೆಯ ದರ ಕೇಳಿ ಬಂದರೆ ಒಂದು ಚೆಂಡಿಗೆ ಎಷ್ಟು? ಹೂ ಕಟ್ಟುವ ಮನೆಯ ಮಕ್ಕಳು ಉತ್ತರವನ್ನು ನಿಮಗಿಂತ ಮೊದಲು ಹೇಳುತ್ತಾರೆ. ಅದೇ ಲೆಕ್ಕವನ್ನು ಪುಸ್ತಕದ ಭಾಷೆಯಲ್ಲಿ ಬರೆದುಕೊಟ್ಟಾಗ ತಡವರಿಸಿದರೆ, ಕಲಿಸಬೇಕಾದದ್ದು ಬರವಣಿಗೆಯೇ ಹೊರತು ಗಣಿತವಲ್ಲ ಎಂದು ನಿಮಗೆ ತಿಳಿಯುತ್ತದೆ.

ಹೆಜ್ಜೆ 8: ಹೊರಗೆ ಹೋಗುವುದು

ತಿಂಗಳಿಗೊಮ್ಮೆ ಸಾಕು, ಹತ್ತಿರದ ಜಾಗವೇ ಸಾಕು. ಅಂಚೆ ಕಚೇರಿ, ಗದ್ದೆ, ಮಲ್ಪೆಯ ಮೀನು ಹರಾಜು. ವರ್ಷಕ್ಕೊಮ್ಮೆ ಪಿಲಿಕುಳ: ಪ್ರಾದೇಶಿಕ ವಿಜ್ಞಾನ ಕೇಂದ್ರ, ಸ್ವಾಮಿ ವಿವೇಕಾನಂದ ತಾರಾಲಯ ಎರಡೂ ಒಂದೇ ಆವರಣದಲ್ಲಿವೆ. ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ತಣ್ಣಗಾಗಿ ಸೀಳಿ ನಿಂತ ಕಲ್ಲುಕಂಬಗಳ ಬದಿಗಳನ್ನು ಎಣಿಸಲು ಹೇಳಿದರೆ ಆಕೃತಿಗಳ ಪಾಠ ಅಲ್ಲಿಯೇ ಮುಗಿಯುತ್ತದೆ. ಹೆಚ್ಚಿನವು ಆರು ಬದಿಯವು, ಐದು, ಏಳರವೂ ಸಿಗುತ್ತವೆ. ಆದರೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ದೋಣಿಯಲ್ಲಿ ಪ್ರತಿ ಮಗುವಿಗೂ ಜೀವರಕ್ಷಕ ಜಾಕೆಟ್ ಬೇಕು, ನೀರಿಗೆ ಇಳಿಯುವಂತಿಲ್ಲ. ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು ಸಿಗದಿದ್ದರೆ ಪ್ರವಾಸ ಬೇಡ.

ಹೆಜ್ಜೆ 9: ತಿಂಡಿ, ದುಡ್ಡು

ಬಾಳೆಹಣ್ಣು, ಅವಲಕ್ಕಿ, ಕಡಲೆ ಉಸ್ಲಿ. ಯಾವ ಮಗುವಿಗೆ ಏನು ಆಗದು ಎಂದು ಪೋಷಕರಿಂದ ಕೇಳಿ ಬರೆದಿಡಿ. ಹುಟ್ಟುಹಬ್ಬದ ಕೇಕ್ ಹಿಡಿದು, ಕ್ಯಾಮೆರಾ ಸಹಿತ ಬರುವ ದಾನಿಗಳಿಗೆ ಎರಡು ಡಜನ್ ಕತೆ ಪುಸ್ತಕದ ಪಟ್ಟಿ ಕೊಡಿ. ನಗದು ಸಂಗ್ರಹಕ್ಕೆ ಇಳಿಯಬೇಡಿ. ಅಗತ್ಯವಿದ್ದರೆ ಶಾಲೆಯ ಹಳೆ ವಿದ್ಯಾರ್ಥಿ ಸಂಘದ ಮೂಲಕ ನಡೆಯಲಿ, ರಶೀದಿ ಇರಲಿ, ತಿಂಗಳ ಲೆಕ್ಕ ಸೂಚನಾ ಫಲಕದಲ್ಲಿ ಇರಲಿ.

ಹೆಜ್ಜೆ 10: ದಾಖಲೆ ಮತ್ತು ಹಸ್ತಾಂತರ

ಪ್ರತಿ ಮಗುವಿಗೆ ಒಂದು ಪುಟ. ಮೊದಲ ವಾರದ ಮೆಟ್ಟಿಲು, ದಸರಾ ರಜೆಗೆ ಮುಂಚಿನ ಮೆಟ್ಟಿಲು, ಮಾರ್ಚಿನ ಮೆಟ್ಟಿಲು, ನಡುವೆ ಎರಡು ಸಾಲಿನ ಟಿಪ್ಪಣಿ: ‘ದ, ಧ ಗೊಂದಲ’, ‘ಅಜ್ಜಿಯ ಬಳಿ ಓದಿ ತೋರಿಸುತ್ತಾಳೆ’, ‘ಬೋರ್ಡು ಕಾಣುವುದಿಲ್ಲ, ಕಣ್ಣು ಪರೀಕ್ಷೆ ಆಗಬೇಕು’. ಈ ಕೊನೆಯದು ತಮಾಷೆಯಲ್ಲ. ಓದಲು ಬರದ ಮಗು ಎಂದು ಹೆಸರಾದವರಲ್ಲಿ ಬರೀ ಕನ್ನಡಕ ಬೇಕಾದವರೂ ಇರುತ್ತಾರೆ. ಎರಡು ವಾರ ಬಾರದ ಮಗುವಿನ ಮನೆಗೆ ಮೂರನೇ ವಾರ ಇಬ್ಬರು ಹೋಗಿ ಬನ್ನಿ, ದೂರು ಹೇಳಲು ಅಲ್ಲ, ವಿಚಾರಿಸಲು.

ದಸರಾಕ್ಕೆ ಮುಂಚಿನ ಅಳತೆಯಲ್ಲಿ ಅಲುಗಾಡದೆ ಉಳಿದ ಮಕ್ಕಳಿದ್ದರೆ ಅವರ ಗುಂಪಿನ ಸ್ವಯಂಸೇವಕರನ್ನು ಬದಲಿಸಿ ನೋಡಿ. ಹೊಸ ಕಣ್ಣಿಗೆ ಬೇರೆ ಏನಾದರೂ ಕಂಡೀತು. ಆ ಪುಟಗಳನ್ನು ತರಗತಿಯ ಶಿಕ್ಷಕರಿಗೂ ತೋರಿಸಿ. ಸೋಮವಾರದ ಪಾಠಕ್ಕೆ ಅವರಿಗೆ ಉಪಯೋಗವಾಗುತ್ತದೆ, ನಿಮ್ಮ ಮೇಲಿನ ಅನುಮಾನವೂ ಕರಗುತ್ತದೆ.

ಏಪ್ರಿಲಿನಲ್ಲಿ ಶಾಲೆಗೆ ರಜೆ ಬಿದ್ದಾಗ ತರಗತಿಗೂ ರಜೆ ಕೊಡಿ. ಕಾಲೇಜು ಮುಗಿಸಿ ಊರು ಬಿಡುವ ಸ್ವಯಂಸೇವಕರು ಹೋಗುವ ಮುನ್ನ ತಮ್ಮ ಐದು ಮಕ್ಕಳ ಪುಟಗಳನ್ನು ಮುಂದಿನವರ ಎದುರು ಕೂತು ಓದಿ ಹೇಳಬೇಕು, ಮಾರ್ಚಿನ ಕೊನೆಯ ಎರಡು ವಾರ ಹೊಸಬರು ಹಳಬರ ಪಕ್ಕದಲ್ಲಿಯೇ ಕೂರಬೇಕು. ಕಡ್ಡಿಯ ಕಟ್ಟು, ಬಸ್ ಬೋರ್ಡುಗಳು, ಕತೆ ಪುಸ್ತಕಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಕಿ, ನೆಲದಿಂದ ಎತ್ತರದಲ್ಲಿಡಿ. ನೆಲದ ಮೇಲೆ ಬಿಟ್ಟರೆ ಒರಲೆಯ ಪಾಲು, ಮುಚ್ಚದೆ ಬಿಟ್ಟರೆ ಜೂನಿನ ಬೂಷ್ಟಿನ ಪಾಲು.